ಪಂದ್ಯದ ಮೋಟಾರೊಂದರ ಪೂರ್ವಕಥೆ

ಋಷಿಮೂಲ, ನದೀಮೂಲಗಳನ್ನು ಕೇಳಬಾರದೆಂದು ಹಿರಿಯರ ಮಾತು. ಮೋಟಾರಿನ ಮೂಲವನ್ನು ಅವರು ನಿಷೇಧಿಸಿಲ್ಲವಾದುದರಿಂದ, ಶ್ರೋತೃಗಳ ಅಪ್ಪಣೆ ಪಡೆದು ನಾವು ಅದನ್ನೇ ವಿಚಾರಿಸುವೆವು.

1976ರಲ್ಲಿ ಮಾಸ್ಕೋ ನಗರದ ಜಿಲ್ ಕಾರ್ಖಾನೆಯಲ್ಲಿ ತುಂಡಾಗಿ ಗುಜರಿ ಸೇರಲಿದ್ದ ಪಂದ್ಯದ ಮೋಟಾರೊಂದನ್ನು ಲಾಟ್ವಿಯಾದ ವಿಕ್ತೋರ್ಸ್ ಕುಲ್ಬೆರ್ಗ್ಸ್ ಎಂಬವರು ಉಳಿಸಿದರು. ಅದು ರೀಗಾ ಪಟ್ಟಣದ ವಸ್ತುಸಂಗ್ರಹಾಲಯವನ್ನು ಸೇರಿತು. ಜರ್ಮನಿಯ ತ್ಸ್ವಿಕಾವ್ ಊರಿನಲ್ಲಿ ಆಟೋ ಯೂನಿಯನ್ ಸಂಸ್ಥೆಯವರು ನಿರ್ಮಿಸಿದ್ದ ಈ ಜಾತಿಯ ಬಂಡಿಗಳನ್ನು ಯುದ್ಧದ ಕೊನೆಯಲ್ಲಿ ಸೋವಿಯತ್ ಅಧಿಕಾರಿಗಳು ಸಾಗಿಸಿಕೊಂಡು ಹೋಗಿದ್ದರು. ಇಷ್ಟರಲ್ಲಿ ಸಂದೇಹವಿಲ್ಲ. ಸೋಜಿಗವೆಲ್ಲ ಅದರ ಅಂಗರಚನೆಯಲ್ಲಿ. ಚೌಕಟ್ಟು 1938ರ ‘ಡಿ’ ಮಾದರಿಯದು. ಎಂಜಿನಾದರೋ ಅದಕ್ಕೆ ಹಿಂದಿನ ‘ಸಿ’ ಮಾದರಿಯದು, 16 ಸಿಲಿಂಡರುಗಳುಳ್ಳ 6 ಲೀಟರಿನ ದೈತ್ಯ. ಎರಡು ಹಾಳು ಬಂಡಿಗಳನ್ನು ಯಾರೋ ಸೇರಿಸಿ ಹೊಲಿದ ಕೌದಿಯೇ ಇದು ಎಂದು ಯಾರಿಗಾದರೂ ಅನ್ನಿಸೀತು.

ಉತ್ತರವು ಪಂದ್ಯದ ನಿಯಮಗಳಲ್ಲಿದೆ. 1938ರಿಂದ ಗ್ರ್ಯಾಂಡ್ ಪ್ರಿ ಪಂದ್ಯಗಳಲ್ಲಿ ಸೂಪರ್‌ಚಾರ್ಜರುಳ್ಳ ಎಂಜಿನು 3 ಲೀಟರನ್ನು ಮೀರುವಂತಿರಲಿಲ್ಲ. ಬೆಟ್ಟವೇರುವ ಪಂದ್ಯಗಳಿಗೆ ಈ ಕಟ್ಟು ಇರಲಿಲ್ಲ. ಅಲ್ಲಿ ಬಲವೇ ಪ್ರಧಾನ. ಆದಕಾರಣ ಕಾರ್ಖಾನೆಯವರೇ ಹೊಸ ಚೌಕಟ್ಟಿಗೆ ಹಳೆಯ ಎಂಜಿನನ್ನು ಹೂಡಿ, ಹಿಂಬದಿಯಲ್ಲಿ ಎಡಕ್ಕೆರಡು ಬಲಕ್ಕೆರಡು ಚಕ್ರಗಳನ್ನು ತೊಡಿಸಿದ್ದರು. ನಕಲಿಯ ಕುರುಹೆಂದು ತೋರಿದ ಬೆರಕೆಯೇ ಬಂಡಿಯ ಜನ್ಮಪತ್ರಿಕೆಯಾಯಿತು.

ಮೂಲ ವಾಹನವು ಅನಂತರ ಆಡಿ ಸಂಸ್ಥೆಗೆ ಸೇರಿತು. ರೀಗಾದವರಿಗೆ ಅದರ ಪ್ರತಿಕೃತಿ ದೊರೆಯಿತು.