ಭಾರಕ್ಕೆ ಆಸರೆ, ಗುರಿ ಅವರದೇ

ಅಂಗವಿಕಲರ ಕ್ರೀಡೆಯೆಂದರೆ ಕರುಣೆಯಿಂದ ಏರ್ಪಡಿಸುವ ಮನರಂಜನೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಇನ್ನೂ ಹೋಗಿಲ್ಲ. ಅವರ ರೈಫಲ್ ಸ್ಪರ್ಧೆಯ ಇತಿಹಾಸವನ್ನು ತಿಳಿದುಕೊಂಡರೆ ಈ ಭಾವನೆ ನಿಲ್ಲಲಾರದು.

ಇದರ ಮೂಲವಿರುವುದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ. ನಾಜಿಗಳ ಕಿರುಕುಳದಿಂದ 1939ರಲ್ಲಿ ಜರ್ಮನಿಯನ್ನು ತೊರೆದು ಬಂದ ಯಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್ ಅವರು ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ತಿಂದ ಯೋಧರಿಗೆ ಅಲ್ಲಿ ಚಿಕಿತ್ಸೆ ನೀಡುತ್ತಿದ್ದರು. ಹಾಸಿಗೆ ಹಿಡಿದವರನ್ನು ಆಟಕ್ಕೆ ಹಚ್ಚುವುದೂ ಅವರ ಚಿಕಿತ್ಸೆಯ ಭಾಗವಾಗಿತ್ತು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, 16 ಮಂದಿ ಅಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲು ಹಿಡಿದು ಸ್ಪರ್ಧಿಸಿದರು. ಈ ಸಣ್ಣ ಆರಂಭವೇ 1960ರಲ್ಲಿ ರೋಮಿನ ಪ್ಯಾರಾಲಿಂಪಿಕ್ಸ್ ಆಗಿ ಬೆಳೆಯಿತು. ಬಾಣದ ಜೊತೆಗೆ ಬಂದೂಕು ಸೇರಿದ್ದು 1976ರ ಟೊರಾಂಟೊ ಕೂಟದಲ್ಲಿ.

ಇಲ್ಲಿಯ ನಿಯಮ ಗಮನಿಸತಕ್ಕದ್ದು. ಬಂದೂಕಿನ ಭಾರವನ್ನು ತಮ್ಮ ತೋಳುಗಳಲ್ಲೇ ಹೊರಬಲ್ಲವರು ಎಸ್‌ಎಚ್-1 ವರ್ಗದವರು. ಹೊರಲಾಗದವರು ಎಸ್‌ಎಚ್-2 ವರ್ಗದವರು. ಅವರ ಬಂದೂಕಿಗೆ ಸ್ಪ್ರಿಂಗ್ ಅಳವಡಿಸಿದ ಒಂದು ಆಧಾರವಿರುತ್ತದೆ. ಅದು ಭಾರವನ್ನು ಹೊರುತ್ತದೆಯೇ ಹೊರತು ಗುರಿಯನ್ನು ಹಿಡಿಯುವುದಿಲ್ಲ. 10 ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್ ಮಾತ್ರ. ಒಲಿಂಪಿಕ್ಸ್‌ನಲ್ಲಿ ಇರುವುದೂ ಅದೇ ಚುಕ್ಕೆ. ಕನಿಕರಪಟ್ಟು ಅದನ್ನು ಯಾರೂ ದೊಡ್ಡದು ಮಾಡಿಲ್ಲ.

ಈ ಚುಕ್ಕೆಯನ್ನು ನಂಬಿಯೇ ಸ್ವೀಡನ್ನಿನ ಯೋನಾಸ್ ಯಾಕೊಬ್ಸನ್ 1980ರಿಂದ 2012ರ ವರೆಗಿನ ಪ್ಯಾರಾಲಿಂಪಿಕ್ಸ್‌ಗಳಲ್ಲಿ 17 ಚಿನ್ನದ ಪದಕಗಳನ್ನು ಗಳಿಸಿದರು. ನಮ್ಮ ದೇಶದಲ್ಲಿ ಜೈಪುರದ ಅವನಿ ಲೇಖರಾ 2012ರ ರಸ್ತೆ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಬಾಲಕಿ. ಮೂರು ವರ್ಷಗಳ ತರುವಾಯ ರೈಫಲ್ ಹಿಡಿದರು. 2021ರ ಆಗಸ್ಟ್ 30ರಂದು ಟೋಕಿಯೊದಲ್ಲಿ 249.6 ಅಂಕ ಗಳಿಸಿ, ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. 24 ಗುಂಡುಗಳಿಗೆ ಇಷ್ಟು ಅಂಕವೆಂದರೆ ಒಂದೊಂದಕ್ಕೂ ಸರಾಸರಿ 10.4! 2024ರಲ್ಲಿ ಪ್ಯಾರಿಸ್ ಕೂಟದಲ್ಲಿ, ಅದೇ ಆಗಸ್ಟ್ 30ರಂದು, 249.7 ಅಂಕಗಳೊಂದಿಗೆ ಮತ್ತೆ ಚಿನ್ನ ಅವರದಾಯಿತು. ಆ ಕೂಟದ ಎಸ್‌ಎಚ್-2 ವರ್ಗದಲ್ಲಿ ಭಾರತದ ಪರವಾಗಿ ಗುರಿಯಿಟ್ಟವರು ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿ ಎಂಬುದು ಹೊರನಾಡಿನಲ್ಲಿರುವ ನಮಗೂ ಅಭಿಮಾನದ ಸಂಗತಿ.

ಆದರೆ ಅಭಿಮಾನಪಟ್ಟು ಸುಮ್ಮನಿದ್ದರೆ ಸಾಲದು. ಈ ಮಹಾನಗರಗಳಲ್ಲಿ ನಾವು ಕಟ್ಟಿಕೊಂಡಿರುವ ಶಾಲೆ, ಸಭಾಭವನ, ಗ್ರಂಥಾಲಯಗಳಲ್ಲಿ ಎಷ್ಟು ಕಡೆ ಗಾಲಿಕುರ್ಚಿ ಮೆಟ್ಟಿಲಿನ ಬುಡದಲ್ಲೇ ನಿಂತುಬಿಡುತ್ತದೆ! ಅಲ್ಲೊಂದು ಇಳಿಜಾರು ದಾರಿ ಮಾಡಿಕೊಟ್ಟರೆ ಅದು ಉಪಕಾರವೇನೂ ಆಗದು. ಬಂದೂಕಿನ ಕೆಳಗಿನ ಆ ಸ್ಪ್ರಿಂಗ್ ಮಾಡುವಷ್ಟೇ ಕೆಲಸವನ್ನು ನಾವೂ ಮಾಡಿದಂತಾಗುತ್ತದೆ. ಮುಂದಿನದನ್ನು ಅವರೇ ಸಾಧಿಸಿಕೊಳ್ಳುತ್ತಾರೆ.