ಮನೆಯ ಗಣಕಯಂತ್ರದ ಆಟಗಳೂ ಅಳಿಗುಳಿಮಣೆಯೂ

ಆಟಗಳ ಚರಿತ್ರೆಗೆ ನಮ್ಮ ವಿದ್ವಾಂಸರಿಂದ ದೊರೆತಿರುವ ಮನ್ನಣೆ ಅತ್ಯಲ್ಪ. ಅರಸರ ಕಾಳಗಗಳಿಗೂ ದತ್ತಿಶಾಸನಗಳಿಗೂ ಮೀಸಲಾದ ಪುಟಗಳಲ್ಲಿ ಕವಡೆಗೂ ಹುಣಿಸೆಬೀಜಕ್ಕೂ ಎಡೆಯಿಲ್ಲ. ಹೀಗಿರುವಾಗ 1980ರ ದಶಕದಲ್ಲಿ ಮನೆಗಳನ್ನು ಹೊಕ್ಕ ಸಣ್ಣ ಗಣಕಯಂತ್ರಗಳ ಆಟಗಳನ್ನು ಚರಿತ್ರೆಯ ವಿಷಯವೆಂದು ಎತ್ತಿಕೊಂಡರೆ ಕೆಲವರಾದರೂ ನಕ್ಕಾರು. ಆದರೂ ಆ ಆಟಗಳಲ್ಲಿ ಕಂಡುಬರುವ ಕಲ್ಪನಾವೈವಿಧ್ಯಕ್ಕೆ ಕಾರಣವೇನೆಂಬುದು ವಿಚಾರಾರ್ಹವಾದ ಪ್ರಶ್ನೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಜಗಲಿಗಳಲ್ಲಿ ಆಡುತ್ತ ಬಂದ ಆಟಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುವುದೆಂದು ನಮ್ಮ ಎಣಿಕೆ.

1982ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ಸ್ಪೆಕ್ಟ್ರಂ ಯಂತ್ರದ ಸ್ಮೃತಿಕೋಶ 16 ಅಥವಾ 48 ಕಿಲೋಬೈಟು; ಬಿಬಿಸಿ ಮೈಕ್ರೋ ಯಂತ್ರದ ಹೆಚ್ಚು ಬಳಕೆಯ ಮಾದರಿಯದು 32. (ಈ ಬಿಬಿಸಿ ಮೈಕ್ರೋವನ್ನೇ ಭಾರತ ಸರ್ಕಾರವು 1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯ ಮೂಲಕ ಶಾಲೆಗಳಿಗೆ ಒದಗಿಸಿತೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.) ಅಷ್ಟು ಇಕ್ಕಟ್ಟಿನಲ್ಲಿ ಚಿತ್ರಗಳನ್ನು ಪೇರಿಸಿಡುವಂತಿರಲಿಲ್ಲ. 1984ರಲ್ಲಿ ಬ್ರೇಬೆನ್ ಮತ್ತು ಬೆಲ್ ಎಂಬ ಇಬ್ಬರು ತರುಣರು ರಚಿಸಿದ 'ಎಲೀಟ್' ಆಟದಲ್ಲಿ ಎಂಟು ನಕ್ಷತ್ರಪುಂಜಗಳೂ ಒಂದೊಂದರಲ್ಲಿ 256 ಲೋಕಗಳೂ ಉಂಟು. ಅವುಗಳಲ್ಲಿ ಯಾವುದನ್ನೂ ಬರೆದಿಟ್ಟಿಲ್ಲ. ಕೆಲವೇ ಬೀಜಸಂಖ್ಯೆಗಳಿಂದ ಯಂತ್ರವು ಪ್ರತಿಸಲವೂ ಲೆಕ್ಕಹಾಕಿ ಹುಟ್ಟಿಸಿಕೊಳ್ಳುತ್ತದೆ. ಎಂದಮೇಲೆ ಇಕ್ಕಟ್ಟೇ ವೈವಿಧ್ಯದ ತಾಯಿಯೆಂದು ಹೇಳಬಹುದೆ? ನಮಗೆ ಹಾಗೆ ತೋರುವುದಿಲ್ಲ. ಅದೇ ಯಂತ್ರಗಳಲ್ಲಿ ಒಂದನ್ನು ನೋಡಿ ಒಂದನ್ನು ಮಾಡಿದ ನೀರಸವಾದ ಆಟಗಳೂ ರಾಶಿರಾಶಿಯಾಗಿ ಬಂದುವು. ಮೇಲಾದ ಆಟಗಳ ಸತ್ತ್ವವಿದ್ದದ್ದು ಕಟ್ಟಳೆಯಲ್ಲಿ.

ಅಳಿಗುಳಿಮಣೆಯನ್ನು ನೋಡಿರಿ. ಮರದ ಮಣೆಯಲ್ಲಿ ಸಾಲಿಗೆ ಏಳರಂತೆ 14 ಗುಳಿಗಳು. ಗುಳಿಗೆ ಐದರಂತೆ ಇಟ್ಟರೆ 70 ಬೀಜಗಳು. ಒಂದು ಗುಳಿಯ ಬೀಜಗಳನ್ನೆತ್ತಿ ಮುಂದಿನವುಗಳಲ್ಲಿ ಒಂದೊಂದಾಗಿ ಬಿತ್ತುತ್ತ ಹೋಗುವುದು, ಕೈ ಬರಿದಾದಾಗ ಮುಂದಿನ ಗುಳಿಯಿಂದ ಮತ್ತೆ ಎತ್ತುವುದು, ಮುಂದಿನ ಗುಳಿಯೇ ಬರಿದಾಗಿದ್ದರೆ ಅದರಾಚೆಯದನ್ನು ಗೆದ್ದುಕೊಳ್ಳುವುದು—ಇಷ್ಟರಿಂದಲೇ ಒಂದು ಮಧ್ಯಾಹ್ನವೆಲ್ಲ ಕಳೆಯುತ್ತದೆ. ಆಡುಹುಲಿಯ ಕಲ್ಪನೆಯಾದರೋ ಬೇರೆ. ಅಲ್ಲಿ ಮೂರು ಹುಲಿಗಳಿಗೆ ಹದಿನೈದು ಆಡುಗಳು ಇದಿರು. ಹುಲಿ ಹಾರಿ ಕೊಲ್ಲುತ್ತದೆ, ಆಡುಗಳು ಸುತ್ತುಗಟ್ಟಿ ಹುಲಿಯ ದಾರಿ ಮುಚ್ಚುತ್ತವೆ. ಎರಡು ಪಕ್ಷಗಳಿಗೂ ಬಲ ಬೇರೆ, ಗುರಿಯೂ ಬೇರೆ. (ನಾಗರಹೊಳೆಯ ಅಂಚಿನಲ್ಲಿರುವ ಹೆಗ್ಗಡದೇವನಕೋಟೆಯವರಿಗೆ ಹುಲಿ ಬರಿಯ ಹರಳಲ್ಲವೆಂಬುದು ಬೇರೆ ಮಾತು.) 1986ರಲ್ಲಿ ಜೆಫ್ ಕ್ರಾಮಂಡ್ ರಚಿಸಿದ 'ಸೆಂಟಿನೆಲ್' ಆಟವನ್ನು ವಿಮರ್ಶಕರು ಅಪೂರ್ವವೆಂದು ಕೊಂಡಾಡಿದರು. ಅಲ್ಲಿ ಬೆಟ್ಟದ ತುದಿಯ ಕಾವಲುಗಾರನು ನಿಂತಲ್ಲೇ ತಿರುಗುತ್ತ ಕಣ್ಣಿಗೆ ಬಿದ್ದುದರ ಕಸುವನ್ನು ಹೀರುತ್ತಾನೆ. ಆಡುವವನು ಅವನ ದೃಷ್ಟಿ ತಪ್ಪಿಸಿ ಮೇಲೇರಬೇಕು. ರೂಪ ಅಪೂರ್ವವೇ ಸರಿ. ಆದರೆ ವಿಷಮಬಲದ ಕಾದಾಟವೆಂಬ ಮೂಲಕಲ್ಪನೆ ಆಡುಹುಲಿಯದೇ.

ಇನ್ನೂ ಹತ್ತಿರದ ಸಂಬಂಧವನ್ನು ತೋರಿಸುವ ಗ್ರಂಥವೊಂದುಂಟು. ಡೇವಿಡ್ ಆಲ್ ಸಂಪಾದಿಸಿದ 'ಬೇಸಿಕ್ ಕಂಪ್ಯೂಟರ್ ಗೇಮ್ಸ್' (1978) ಎಂಬ ಪುಸ್ತಕದಲ್ಲಿ ಆಟಗಳ ಕ್ರಮವಿಧಿಯನ್ನು ಸಾಲುಸಾಲಾಗಿ ಅಚ್ಚುಹಾಕಿದೆ. ಓದುಗನು ಅದನ್ನು ತನ್ನ ಯಂತ್ರಕ್ಕೆ ಬೆರಳಚ್ಚಿಸಿ ಆಡಬೇಕಾಗಿತ್ತು. ಅದರಲ್ಲಿನ 'ಹಮುರಾಬಿ' ಆಟದಲ್ಲಿ ಹತ್ತು ವರ್ಷ ರಾಜ್ಯವಾಳುವವನು ಧಾನ್ಯದಲ್ಲಿ ಊಟಕ್ಕೆಷ್ಟು, ಬಿತ್ತನೆಗೆಷ್ಟು ಎಂದು ವರ್ಷವರ್ಷವೂ ನಿರ್ಧರಿಸಬೇಕು. ಕೃಷ್ಣರಾಜನಗರದ ಭತ್ತದ ರೈತನಿಗೆ ಈ ಚಿಂತೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಅದೇ ಪುಸ್ತಕದ 'ಅವಾರಿ' ಆಫ್ರಿಕದ ಆಟ, ಅಳಿಗುಳಿಮಣೆಯ ದಾಯಾದಿ. ಪಕ್ಷಕ್ಕೆ ಆರು ಗುಳಿ, ಗುಳಿಗೆ ಮೂರು ಕಾಳು. ಯಂತ್ರವು ತಾನು ಸೋತ ಆಟಗಳ ನಡೆಗಳನ್ನು ನೆನಪಿಟ್ಟು ಮುಂದೆ ತಿದ್ದಿಕೊಳ್ಳುತ್ತದೆ. ಗುಳಿಗೆ ನಾಲ್ಕು ಕಾಳು ಬೇಕೆನಿಸಿದರೆ ಓದುಗನು ಕ್ರಮವಿಧಿಯನ್ನು ಬದಲಿಸಿಕೊಳ್ಳಬಹುದಾಗಿತ್ತು. ಒಂದು ಮನೆಯಲ್ಲಿ ಐದು ಬೀಜ, ಇನ್ನೊಂದರಲ್ಲಿ ನಾಲ್ಕು ಎಂದು ಆಡುವ ನಮ್ಮವರು ಮಾಡುತ್ತಿದ್ದುದೂ ಇದನ್ನೇ. ಅಂಗಡಿಯಲ್ಲಿ ಕೊಂಡ ಧ್ವನಿಸುರುಳಿಯ ಆಟಗಳಲ್ಲಿ ಈ ಸ್ವಾತಂತ್ರ್ಯ ಬಹುಮಟ್ಟಿಗೆ ಇರಲಿಲ್ಲ.

ಇಲ್ಲಿಯೇ ಒಂದು ಮುಖ್ಯ ಭೇದವೂ ಇದೆ. 'ಅವಾರಿ'ಯ ಕಟ್ಟಳೆ ಅಚ್ಚಿನಲ್ಲಿದೆ. ಯಂತ್ರ ಕೆಟ್ಟರೂ ಆ ಪುಟದಿಂದ ಆಟವನ್ನು ಎಬ್ಬಿಸಬಹುದು. ಮೈಸೂರಿನ ಅರಮನೆಯ ಆಟಗಳಿಗೂ ಆ ಭಾಗ್ಯ ಒದಗಿತು: ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಚದುರಂಗ, ಗಂಜೀಫಾ ಮೊದಲಾದುವು ಸೇರಿವೆ. ಜಗಲಿಯ ಆಟಗಳಿಗೆ ಅಂಥ ಲಿಪಿಕಾರರಿರಲಿಲ್ಲ. ಮಣೆ ಅಟ್ಟದ ಮೇಲೆ ಉಳಿಯುತ್ತದೆ. ಆ ಮನೆಯ ಕಟ್ಟಳೆ ಅಜ್ಜಿಯೊಡನೆ ಹೋಗುತ್ತದೆ. ಬರಿಯ ಮಣೆಯನ್ನು ವಸ್ತುಸಂಗ್ರಹಾಲಯದಲ್ಲಿಟ್ಟರೆ ಅದು ಗುಳಿಬಿದ್ದ ಹಲಗೆ ಮಾತ್ರ.

ಆದುದರಿಂದ ಹುಣಸೂರು, ಪಿರಿಯಾಪಟ್ಟಣಗಳಂಥ ಊರುಗಳ ಕಾಲೇಜು ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರನ್ನು ಕೇಳಿ ಬರೆದಿಡಬೇಕಾದುದು ಇಷ್ಟು: ಗುಳಿಗೆ ಎಷ್ಟು ಬೀಜ, ಬಿತ್ತುವುದು ಎಡಕ್ಕೋ ಬಲಕ್ಕೋ, ಗೆದ್ದ ಮೇಲೆ ಆಟ ಮುಂದುವರಿಯುವುದೋ ಸರದಿ ಬಿಡುವುದೋ, ಸೋತವರ ಬರಿದಾದ ಗುಳಿಗೆ ಮುಂದಿನ ಆಟದಲ್ಲಿ ಏನು ಗತಿ, ಚೌಕಾಬಾರದಲ್ಲಿ ಎದುರಾಳಿಯ ಕಾಯನ್ನು ಹೊಡೆಯದೆ ಒಳಸುತ್ತಿಗೆ ಹೋಗಬಹುದೋ ಇಲ್ಲವೋ. ಒಂದೇ ಊರಿನ ಎರಡು ಮನೆಗಳ ಉತ್ತರಗಳು ಹೊಂದದಿದ್ದಲ್ಲಿ ಎರಡನ್ನೂ ಇದ್ದಂತೆಯೇ ಬರೆಯತಕ್ಕದ್ದು.