ಗೋಡೆಯ ಮೇಲಿನ ಪೆಟ್ಟಿಗೆಯ ಚರಿತ್ರೆ



ನಮ್ಮ ನಾಡಿಗೆ ವಿದ್ಯುತ್ತು ಬಂದ ಕಥೆಯನ್ನು ನೀವೆಲ್ಲರೂ ಶಾಲೆಯಲ್ಲಿ ಓದಿದ್ದೀರಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಯೋಜನೆಯಿಂದ 1902ರ ಜೂನ್ ತಿಂಗಳಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಇಷ್ಟನ್ನು ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಆ ವಿದ್ಯುತ್ತು ಮನೆಯೊಳಗೆ ಅಡಿಯಿಡುವ ಸ್ಥಳದಲ್ಲಿ, ಬಾಗಿಲ ಪಕ್ಕದ ಗೋಡೆಯ ಮೇಲೆ ಕುಳಿತಿರುವ ಪೆಟ್ಟಿಗೆಗೂ ಒಂದು ಚರಿತ್ರೆಯುಂಟು. ಮನುಷ್ಯನ ಪ್ರಾಣಕ್ಕೆ ಸಂಬಂಧಿಸಿದ ಚರಿತ್ರೆಯಾದ್ದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಅಧ್ಯಾಯ ಫ್ಯೂಸಿನದು. 1890ರಲ್ಲಿ ಎಡಿಸನ್ ಇದಕ್ಕೆ ಪೇಟೆಂಟ್ ಪಡೆದ. ಮಿತಿಮೀರಿದ ಪ್ರವಾಹ ಬಂದಾಗ ತೆಳುತಂತಿಯೊಂದು ತಾನು ಕರಗಿ ಮಂಡಲವನ್ನು ಕಡಿಯುತ್ತದೆ. ನಮ್ಮ ಹಳೆಯ ಮನೆಗಳಲ್ಲಿದ್ದ ಕಬ್ಬಿಣದ ಮೇನ್ ಸ್ವಿಚ್, ಅದರ ಪಕ್ಕದ ಬಿಳಿ ಪಿಂಗಾಣಿ ಫ್ಯೂಸುಗಳು ನಿಮ್ಮಲ್ಲಿ ಹಿರಿಯರಾದವರಿಗೆ ನೆನಪಿರಬೇಕು. ಪಿಂಗಾಣಿಯ ಮೂಲಕ ವಿದ್ಯುತ್ತು ಹರಿಯದು, ಅದು ಬೆಂಕಿಗೂ ಹೆದರದು. ಟಾಟಾ ಇನ್‌ಸ್ಟಿಟ್ಯೂಟಿನ ಸಮೀಪ ಮೈಸೂರು ಸರ್ಕಾರವು ಪಿಂಗಾಣಿ ಕಾರ್ಖಾನೆಯನ್ನೇ ಸ್ಥಾಪಿಸಿ ವಿದ್ಯುತ್ ಕಂಬಗಳಿಗೆ ಇನ್ಸುಲೇಟರುಗಳನ್ನು ತಯಾರಿಸಿತು. 1976ರಲ್ಲಿ ಅದು ಬಿಎಚ್‌ಇಎಲ್ ಸಂಸ್ಥೆಯಲ್ಲಿ ವಿಲೀನವಾಯಿತು.

ಫ್ಯೂಸಿನ ಶತ್ರು ನಮ್ಮ ಅವಸರವೇ. ಪದೇ ಪದೇ ಸುಟ್ಟುಹೋಗುತ್ತದೆಂದು ಒಂದೆಳೆಯ ಬದಲು ನಾಲ್ಕೆಳೆ ತಾಮ್ರದ ತಂತಿ ಸುತ್ತಿದರೆ, ಫ್ಯೂಸು ಉಳಿದು ಗೋಡೆಯೊಳಗಿನ ವೈರು ಸುಡುತ್ತದೆ. 1924ರಲ್ಲಿ ಜರ್ಮನಿಯ ಹ್ಯೂಗೋ ಸ್ಟಾಟ್ಜ್ ಪೇಟೆಂಟ್ ಪಡೆದ ಸಣ್ಣ ಸರ್ಕ್ಯೂಟ್ ಬ್ರೇಕರು, ಅಂದರೆ ಇಂದಿನ ಎಂಸಿಬಿ, ಈ ತೊಡಕನ್ನು ನಿವಾರಿಸಿತು. ತಾನಾಗಿ ಕೆಳಗೆ ಬೀಳುವ ಗುಂಡಿಯಲ್ಲಿ ಎಳೆ ಸುತ್ತುವ ಕೈಚಳಕಕ್ಕೆ ಅವಕಾಶವಿಲ್ಲ.

ಆದರೆ ಫ್ಯೂಸಾಗಲಿ ಎಂಸಿಬಿಯಾಗಲಿ ಕಾಯುವುದು ತಂತಿಯನ್ನು. ಮನುಷ್ಯನನ್ನು ಕಾಯುವವರು ಯಾರು? ತರಗತಿಯಲ್ಲಿ ಕಲಿತ ಓಮನ ನಿಯಮವನ್ನು ನೆನಪಿಸಿಕೊಳ್ಳಿ. ಗೀಸರಿನ ಲೋಹದ ಹೊದಿಕೆಗೆ ಒಳಗಿನ ತಂತಿ ತಗುಲಿದೆ ಎನ್ನೋಣ. ಭೂಸಂಪರ್ಕದ, ಅಂದರೆ ಅರ್ಥಿಂಗಿನ, ಒಟ್ಟು ರೋಧ 2 ಓಮ್ ಇದ್ದರೆ 230 ವೋಲ್ಟಿಗೆ 115 ಆಂಪಿಯರ್ ಹರಿದು 16 ಆಂಪಿಯರಿನ ಎಂಸಿಬಿ ಬೇಗನೆ ಬೀಳುತ್ತದೆ. ರೋಧ 100 ಓಮ್ ಆದರೆ ಹರಿಯುವುದು ಕೇವಲ 2.3 ಆಂಪಿಯರ್. ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ. ಗೀಸರಿನ ಮೈಯಲ್ಲಿ ವಿದ್ಯುತ್ತು ಹಾಗೆಯೇ ಕಾದಿರುತ್ತದೆ. ಹೃದಯದ ಬಡಿತವನ್ನು ಕೆಡಿಸಲು ಒಂದು ಆಂಪಿಯರಿನ ಇಪ್ಪತ್ತನೆಯ ಭಾಗವೇ ಸಾಕಾಗಬಹುದು.

ನಮ್ಮ ಉತ್ತರ ಬೆಂಗಳೂರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಹೆಬ್ಬಾಳ, ಯಲಹಂಕದ ನೆಲ ಕೆಂಪುಮಣ್ಣಿನದು, ಅದರಡಿಯಲ್ಲಿ ಕಲ್ಲು. ಬೇಸಿಗೆಯಲ್ಲಿ ಮಣ್ಣು ಒಣಗಿದಂತೆ ಅದರ ರೋಧ ಏರುತ್ತದೆ. ಭಾರತೀಯ ಮಾನಕ 3043 ಎಂಬ ಸಂಹಿತೆಯು ಕೊಳವೆಯ ಅರ್ಥಿಂಗಿಗೆ ಕನಿಷ್ಠ 2.5 ಮೀಟರ್ ಉದ್ದವನ್ನು ವಿಧಿಸಿದೆ. ಇದ್ದಿಲು, ಉಪ್ಪು ತುಂಬಿ ಆಗಾಗ ನೀರೆರೆಯುತ್ತಿದ್ದ ಹಿರಿಯರ ಪದ್ಧತಿ ತೇವ ಉಳಿಸುವ ಉಪಾಯವೇ ಹೊರತು ಮೂಢನಂಬಿಕೆಯಲ್ಲ. ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿಸುವಾಗ ಆ ಗುಂಡಿಯನ್ನು ಮುಚ್ಚಿಬಿಟ್ಟ ಮನೆಗಳನ್ನು ನಾನು ಬಹಳ ನೋಡಿದ್ದೇನೆ.

ಮೂರನೆಯ ಅಧ್ಯಾಯ ಕುತೂಹಲಕರವಾದುದು. ನಮ್ಮ ವಿದ್ಯುತ್ತು ಮೊದಲು ಹೋದದ್ದು ಚಿನ್ನದ ಗಣಿಗೆ. ವಿದ್ಯುದಾಘಾತದಿಂದ ಮನುಷ್ಯನನ್ನು ಕಾಯುವ ಸೂಕ್ಷ್ಮ ಸಾಧನದ ಚರಿತ್ರೆಯಲ್ಲಿಯೂ ಚಿನ್ನದ ಗಣಿಗಳಿವೆ. 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಗಣಿ ಪ್ರದೇಶದ ಅಗತ್ಯವನ್ನು ಕಂಡು ಹೆನ್ರಿ ರೂಬಿನ್ ಎಂಬ ಇಂಜಿನಿಯರು ಅದನ್ನು ರೂಪಿಸಿದರು. ಅದೇ ತತ್ತ್ವದ ಇಂದಿನ ಸಾಧನ ಆರ್‌ಸಿಸಿಬಿ. ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸಮವೇ ಎಂದು ಅದು ಲೆಕ್ಕ ನೋಡುತ್ತದೆ. 30 ಮಿಲಿ ಆಂಪಿಯರಿನಷ್ಟು ಸೋರಿಕೆ ಕಂಡರೆ ಕ್ಷಣಮಾತ್ರದಲ್ಲಿ ಕಡಿಯುತ್ತದೆ. ಒಂದು ಮಿತಿಯೂ ಉಂಟು: ಒಂದೇ ವೇಳೆ ಫೇಸನ್ನೂ ನ್ಯೂಟ್ರಲನ್ನೂ ಮುಟ್ಟಿದವನನ್ನು ಅದು ಗುರುತಿಸಲಾರದು. ಮಿತಿಮೀರಿದ ಹೊರೆಯನ್ನೂ ತಡೆಯದು. ಆದ್ದರಿಂದ ಎಂಸಿಬಿ, ಆರ್‌ಸಿಸಿಬಿ, ಅರ್ಥಿಂಗ್ ಮೂರೂ ಬೇಕು.

ಆರ್.ಟಿ. ನಗರ, ಯಲಹಂಕ ಉಪನಗರದಂಥ ಬಡಾವಣೆಗಳಲ್ಲಿ ಹಳೆಯ ಮನೆಗಳ ಮೇಲೆ ಮಹಡಿಗಳು ಎದ್ದಿವೆ. ಎಸಿ, ಗೀಸರು ಬಂದಿವೆ. ಕೆಲವೆಡೆ ಪೆಟ್ಟಿಗೆ ಮಾತ್ರ ಹಳೆಯದೇ ಉಳಿದಿದೆ. ಬದಲಾಯಿಸುವವರು ಇಷ್ಟು ಗಮನಿಸಿ. ಪೆಟ್ಟಿಗೆ ಐಎಸ್‌ಐ ಗುರುತಿನ ಸಾಮಗ್ರಿಯಿಂದ ಕೂಡಿರಲಿ, ಮುಂದಿನ ಅಗತ್ಯಕ್ಕೆ ಒಂದೆರಡು ಸ್ಥಾನ ಖಾಲಿಯಿರಲಿ. ಲೋಹದ ಪೆಟ್ಟಿಗೆಯಾದರೆ ಅದರ ಮೈಗೂ ಬಾಗಿಲಿಗೂ ಹಸಿರು ತಂತಿಯ ಅರ್ಥ್ ಕೊಡಿಸಿ. ಎಂಸಿಬಿಯನ್ನು ವೈರಿಗೆ ತಕ್ಕಂತೆ ಆರಿಸಬೇಕು: 1.5 ಚದರ ಮಿಲಿಮೀಟರಿನ ದೀಪದ ವೈರಿಗೆ 6 ಅಥವಾ 10 ಆಂಪಿಯರ್, 2.5ರ ವೈರಿಗೆ 16. ನ್ಯೂಟ್ರಲ್ ಪಟ್ಟಿಯೂ ಅರ್ಥ್ ಪಟ್ಟಿಯೂ ಬೇರೆಬೇರೆ ಇರಬೇಕು. ಆರ್‌ಸಿಸಿಬಿಯ ಮುಂದೆ ಎಲ್ಲಿಯೂ ಅವು ಕೂಡಬಾರದು. ಸಡಿಲವಾದ ತಿರುಪು ಬಿಸಿಯಾಗಿ ಬೆಂಕಿಗೆ ಮೂಲವಾಗುತ್ತದೆ. ಇವೆಲ್ಲವೂ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರ ಕೆಲಸ. ಅರ್ಥಿಂಗಿನ ರೋಧವನ್ನು ಬೇಸಿಗೆಯಲ್ಲಿ ಅಳೆದು ಬರೆದಿಡಲು ಅವರಿಗೆ ಹೇಳಿ.

ಒಂದು ಕೆಲಸವನ್ನು ನೀವೇ ಮಾಡಬಹುದು. ಆರ್‌ಸಿಸಿಬಿಯ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರದ ಪುಟ್ಟ ಗುಂಡಿಯಿರುತ್ತದೆ. ಈ ಭಾನುವಾರ ಅದನ್ನು ಒತ್ತಿ ನೋಡಿ. ಮನೆಯ ವಿದ್ಯುತ್ತು ತಕ್ಷಣ ಹೋಗಬೇಕು. ಹೋಗದಿದ್ದರೆ, ಅಥವಾ ಅಂಥ ಗುಂಡಿಯೇ ಇಲ್ಲದಿದ್ದರೆ, ಸೋಮವಾರವೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಊರಿನಲ್ಲಿ ಒಂಟಿಯಾಗಿರುವ ತಂದೆತಾಯಿಗಳ ಮನೆಯಲ್ಲಿಯೂ ಇದನ್ನು ಪರೀಕ್ಷಿಸಲು ಮರೆಯಬೇಡಿ.